ಸಸಿಗೆ ಕಟ್ಟಿದ ಚೀಟಿ ಏನು ಹೇಳಬೇಕು?
ಹಣ್ಣಿನ ತಳಿಗಳ ವಿವರಣೆ - ಒಂದು ವಿಮರ್ಶೆ

ನಾನು ತೋಟಗಾರಿಕಾ ತಜ್ಞನಲ್ಲ, ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಹೇಳುವವನು. ಆದರೂ ಹಣ್ಣಿನ ತಳಿಗಳ ಬಗ್ಗೆ ಬರೆಯಲು ಕುಳಿತಿದ್ದೇನೆ. ಇದಕ್ಕೆ ಕಾರಣ ಹೂಡಿಯಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ನಿಂತಿರುವ ಒಂದು ಪೀಚ್ ಗಿಡ. ಐದು ವರ್ಷಗಳ ಹಿಂದೆ ರಸ್ತೆ ಬದಿಯ ಸಸ್ಯಕ್ಷೇತ್ರವೊಂದರಲ್ಲಿ ಅದನ್ನು ಕೊಂಡೆ. ಕಾಂಡಕ್ಕೆ ದಾರದಿಂದ ಒಂದು ಚೀಟಿ ಕಟ್ಟಿತ್ತು. "ಪೀಚ್, ಸುಧಾರಿತ ತಳಿ, ಬಹಳ ಸಿಹಿ, ಅಧಿಕ ಇಳುವರಿ, ಎರಡನೇ ವರ್ಷಕ್ಕೆ ಫಸಲು" ಎಂದು ಅದರಲ್ಲಿತ್ತು. ಕೆಂಪು ಕೆನ್ನೆಯ ಹಣ್ಣಿನ ಬಣ್ಣದ ಚಿತ್ರವೂ ಇತ್ತು. ಗಿಡ ಚೆನ್ನಾಗಿಯೇ ಬೆಳೆದಿದೆ. ಎಲೆ ಬಿಡುತ್ತದೆ, ಒಂದು ಫೆಬ್ರವರಿಯಲ್ಲಿ ನಾಲ್ಕಾರು ಹೂ ಸಹ ಬಿಟ್ಟಿತ್ತು. ಹಣ್ಣು ಮಾತ್ರ ಈವರೆಗೆ ಒಂದೂ ಇಲ್ಲ.

ನನಗೆ ಆದ ನಷ್ಟ ದೊಡ್ಡದಲ್ಲ. ಆದರೆ ಇಂಥದೇ ಚೀಟಿಯನ್ನು ನಂಬಿ ಎರಡು ಎಕರೆಗೆ ಸಸಿ ತಂದ ರೈತನ ಸ್ಥಿತಿಯನ್ನು ಯೋಚಿಸಿ. ರಾಗಿ ಬಿತ್ತಿದವನಿಗೆ ತಪ್ಪು ನಾಲ್ಕು ತಿಂಗಳಲ್ಲಿ ತಿಳಿಯುತ್ತದೆ, ಮುಂದಿನ ಮುಂಗಾರಿಗೆ ಬೇರೆ ಬೀಜ ತರಬಹುದು. ಹಣ್ಣಿನ ಗಿಡ ನೆಟ್ಟವನಿಗೆ ತಪ್ಪು ತಿಳಿಯಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಗುಂಡಿ, ಗೊಬ್ಬರ, ಹನಿ ನೀರಾವರಿ, ಕಾವಲು ಎಲ್ಲಕ್ಕೂ ಹಣ ಹೋಗಿರುತ್ತದೆ. ಆದ್ದರಿಂದ ಹಣ್ಣಿನ ತಳಿಯ ವಿವರಣೆ ಎಂಬುದು ಬರೀ ಜಾಹೀರಾತಿನ ಮಾತಲ್ಲ. ಅದು ಒಬ್ಬ ರೈತನ ಹತ್ತಿಪ್ಪತ್ತು ವರ್ಷಗಳ ಬದುಕನ್ನು ನಿರ್ಧರಿಸುವ ದಾಖಲೆ. ಅಂಥ ದಾಖಲೆಯನ್ನು ನಾವು ಹೇಗೆ ಬರೆಯುತ್ತಿದ್ದೇವೆ, ಹೇಗೆ ಬರೆಯಬೇಕು ಎಂಬುದೇ ಈ ಲೇಖನದ ವಸ್ತು.

ಚೀಟಿ ಹೇಳದೆ ಬಿಟ್ಟ ಒಂದು ಸಂಖ್ಯೆ

ಮೊದಲು ನನ್ನ ಪೀಚ್ ಗಿಡವನ್ನೇ ನೋಡೋಣ. ಪೀಚ್, ಸೇಬು, ಪ್ಲಮ್ ಮುಂತಾದವು ಚಳಿ ದೇಶದ ಮರಗಳು. ಚಳಿಗಾಲ ಬಂದಾಗ ಇವು ಎಲೆ ಉದುರಿಸಿ ಸುಪ್ತಾವಸ್ಥೆಗೆ ಹೋಗುತ್ತವೆ. ಮತ್ತೆ ಎಚ್ಚರಗೊಳ್ಳಲು ಮೊಗ್ಗುಗಳಿಗೆ ನಿರ್ದಿಷ್ಟ ಪ್ರಮಾಣದ ಚಳಿ ಸಿಗಬೇಕು. ಇದನ್ನು ಅಳೆಯುವ ಹಳೆಯ, ಸರಳ ವಿಧಾನವೆಂದರೆ ಉಷ್ಣತೆ 7.2° ಸೆಲ್ಸಿಯಸ್‌ಗಿಂತ ಕೆಳಗೆ ಇದ್ದ ಗಂಟೆಗಳನ್ನು ಎಣಿಸುವುದು. ಇದಕ್ಕೆ "ಚಳಿ ಗಂಟೆ" ಎನ್ನೋಣ. ಅಮೆರಿಕದ ಪ್ರಸಿದ್ಧ ತಳಿಯಾದ ರೆಡ್‌ಹೇವನ್‌ಗೆ ಇಂಥ 800ಕ್ಕೂ ಹೆಚ್ಚು ಗಂಟೆಗಳು ಬೇಕು. ಫ್ಲಾರಿಡಾದಲ್ಲಿ ಬೆಚ್ಚನೆಯ ಪ್ರದೇಶಗಳಿಗಾಗಿಯೇ ಬೆಳೆಸಿದ ಫ್ಲಾರ್ಡಾಪ್ರಿನ್ಸ್ ಎಂಬ ತಳಿಗೆ ಸುಮಾರು 150 ಸಾಕು. ಪಂಜಾಬಿನ ಬಯಲಿನಲ್ಲಿ ಪೀಚ್ ಬೆಳೆಯಲು ಸಾಧ್ಯವಾಗಿರುವುದು ಇಂಥ ಕಡಿಮೆ ಚಳಿ ಬೇಡುವ ತಳಿಗಳಿಂದ.

ಈಗ ನಮ್ಮ ಊರಿನ ಲೆಕ್ಕ ಮಾಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ಇಲ್ಲಿಯ ಸರಾಸರಿ ಕನಿಷ್ಠ ಉಷ್ಣತೆ 15-16 ಡಿಗ್ರಿ. ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರ 7.8 ಡಿಗ್ರಿ. ಅಂದರೆ ದಾಖಲೆಯ ಅತಿ ಚಳಿಯ ರಾತ್ರಿಯಲ್ಲೂ ಪಾದರಸ 7.2ನ್ನು ಮುಟ್ಟಿಲ್ಲ! ಈ ವಿಧಾನದ ಪ್ರಕಾರ ಬೆಂಗಳೂರಿನ ಚಳಿ ಗಂಟೆಗಳ ಮೊತ್ತ ಸೊನ್ನೆ. 1974ರಲ್ಲಿ ಅಮೆರಿಕದ ಯೂಟಾದಲ್ಲಿ ರೂಪಿಸಿದ ಇನ್ನೊಂದು ವಿಧಾನ ಮತ್ತಷ್ಟು ಕಟುವಾದುದು. ಅದರಲ್ಲಿ 16 ಡಿಗ್ರಿಗಿಂತ ಬೆಚ್ಚಗಿರುವ ಪ್ರತಿಯೊಂದು ಗಂಟೆಯೂ ಆವರೆಗೆ ಕೂಡಿಟ್ಟ ಚಳಿಯನ್ನು ಕಳೆಯುತ್ತದೆ. ಆ ಲೆಕ್ಕದಲ್ಲಿ ನಾವು ಸೊನ್ನೆಗಿಂತಲೂ ಕೆಳಗೆ ಇದ್ದೇವೆ.

ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂದು ಪಿಯುಸಿ ವಿದ್ಯಾರ್ಥಿಗೂ ಗೊತ್ತು. ಉದಕಮಂಡಲ ಬೆಂಗಳೂರಿಗಿಂತ ಸುಮಾರು 1.3 ಕಿಲೋಮೀಟರ್ ಎತ್ತರದಲ್ಲಿದೆ. ಆದ್ದರಿಂದ ಅಲ್ಲಿಯ ರಾತ್ರಿಗಳು ನಮ್ಮವಕ್ಕಿಂತ ಎಂಟು ಒಂಬತ್ತು ಡಿಗ್ರಿ ತಣ್ಣಗೆ. ನೀಲಗಿರಿಯಲ್ಲಿ ಪೀಚ್ ಹಣ್ಣಾಗುವುದಕ್ಕೂ ಹೂಡಿಯಲ್ಲಿ ಆಗದಿರುವುದಕ್ಕೂ ಕಾರಣ ಇಷ್ಟು ಸರಳ. ಸಸಿಯ ಚೀಟಿಯಲ್ಲಿ "ಬೇಕಾದ ಚಳಿ: ಇಷ್ಟು ಗಂಟೆ" ಎಂಬ ಒಂದೇ ಸಾಲು ಇದ್ದಿದ್ದರೆ ನಾನು ಆ ಗಿಡ ಕೊಳ್ಳುತ್ತಿರಲಿಲ್ಲ. ತಪ್ಪು ಮಾರಿದವರದು ಮಾತ್ರ ಎಂದೂ ಹೇಳಲಾರೆ. ಮೂವತ್ತು ವರ್ಷ ಉಷ್ಣತೆಯ ಪಾಠ ಹೇಳಿದವನು ಉಷ್ಣತೆಯ ಪ್ರಶ್ನೆಯನ್ನೇ ಕೇಳದೆ ಚಿತ್ರ ನೋಡಿ ಮರುಳಾದೆ.

ಉಷ್ಣವಲಯದಲ್ಲಿ ಇಂಥ ಮರಗಳನ್ನು ಬೆಳೆಯುವುದು ಅಸಾಧ್ಯವೇ ಎಂದು ನೀವು ಕೇಳಬಹುದು. ಪೂರ್ತಿ ಅಸಾಧ್ಯವಲ್ಲ. ಇಂಡೊನೇಷ್ಯದ ಜಾವಾ ದ್ವೀಪದ ಮಲಾಂಗ್ ಸುತ್ತಮುತ್ತ ರೈತರು ಸೇಬು ಬೆಳೆಯುತ್ತಾರೆ. ಕೊಯ್ಲಾದ ಕೆಲವು ವಾರಗಳಲ್ಲಿ ಮರದ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕುತ್ತಾರೆ. ಮೊಗ್ಗು ಗಾಢ ನಿದ್ರೆಗೆ ಜಾರುವ ಮೊದಲೇ ಚಿಗುರುತ್ತದೆ, ವರ್ಷಕ್ಕೆ ಎರಡು ಫಸಲೂ ಬರುತ್ತದೆ. ಆದರೆ ಇದು ಬೇರೆಯೇ ಬೇಸಾಯ ಕ್ರಮ, ಕೂಲಿಯ ಲೆಕ್ಕವೂ ಬೇರೆ. "ಬೆಂಗಳೂರಿನಲ್ಲೂ ಬೆಳೆಯುತ್ತದೆ" ಎಂದು ಬರೆಯುವವರು ಈ ಕ್ರಮವನ್ನೂ ಸೇರಿಸಿ ಬರೆಯಬೇಕು. ಬೆಳೆಯುವುದು ಬೇರೆ, ಫಲಿಸುವುದು ಬೇರೆ, ಲಾಭ ತರುವುದು ಇನ್ನೂ ಬೇರೆ.

ರೆಡ್‌ಹೇವನ್ ಎಂಬ ಅಳತೆಗೋಲು

ಪೀಚ್ ಬೆಳೆಯುವ ದೇಶಗಳ ತಳಿ ವಿವರಣೆಗಳನ್ನು ನಂತರ ಓದಿ ನೋಡಿದೆ. ಅಲ್ಲಿ ಕಲಿಯತಕ್ಕ ಒಂದು ಪದ್ಧತಿ ಕಂಡಿತು. ತಳಿ ಯಾವ ದಿನ ಮಾಗುತ್ತದೆ ಎಂಬುದನ್ನು ಅವರು ತಾರೀಖಿನಲ್ಲಿ ಮಾತ್ರ ಹೇಳುವುದಿಲ್ಲ. "ರೆಡ್‌ಹೇವನ್‌ಗಿಂತ 12 ದಿನ ಮೊದಲು" ಅಥವಾ "ರೆಡ್‌ಹೇವನ್ ನಂತರ 20 ದಿನ" ಎನ್ನುತ್ತಾರೆ. ರೆಡ್‌ಹೇವನ್ 1940ರಲ್ಲಿ ಮಿಷಿಗನ್ ರಾಜ್ಯದ ಸೌತ್ ಹೇವನ್ ಸಂಶೋಧನ ಕೇಂದ್ರದಿಂದ ಬಿಡುಗಡೆಯಾದ ತಳಿ. ಅದಕ್ಕೂ ಮೊದಲು ಎಲ್ಬರ್ಟಾ ಎಂಬ ಹಳೆಯ ತಳಿ ಇದೇ ಕೆಲಸ ಮಾಡುತ್ತಿತ್ತು.

ಇದರ ಜಾಣತನ ನೋಡಿ. ಒಂದು ವರ್ಷ ಬೇಸಿಗೆ ಬೇಗ ಬರುತ್ತದೆ, ಇನ್ನೊಂದು ವರ್ಷ ತಡವಾಗುತ್ತದೆ. ತಾರೀಖು ಬದಲಾಗುತ್ತದೆ. ಆದರೆ ಎರಡು ತಳಿಗಳ ನಡುವಿನ ಅಂತರ ಅಷ್ಟಾಗಿ ಬದಲಾಗುವುದಿಲ್ಲ. ರೆಡ್‌ಹೇವನ್ ತನ್ನ ತೋಟದಲ್ಲಿ ಯಾವಾಗ ಹಣ್ಣಾಗುತ್ತದೆಂದು ಬಲ್ಲ ರೈತ, ಹೊಸ ತಳಿ ಯಾವಾಗ ಹಣ್ಣಾದೀತೆಂದು ತಾನೇ ಲೆಕ್ಕ ಹಾಕಬಲ್ಲ. ಭೌತವಿಜ್ಞಾನದಲ್ಲಿ ನಾವು ಮಾಡುವುದೂ ಇದನ್ನೇ. ಉದ್ದವನ್ನು ಮೀಟರಿಗೆ, ರಾಶಿಯನ್ನು ಕಿಲೋಗ್ರಾಮಿಗೆ ಹೋಲಿಸಿ ಹೇಳುತ್ತೇವೆ. ಅಳತೆ ಎಂದರೆ ಹೋಲಿಕೆ. ಎಲ್ಲರಿಗೂ ಪರಿಚಿತವಾದ ಮಾನಕವಿಲ್ಲದೆ ಅಳತೆಯೇ ಇಲ್ಲ.

ಅಲ್ಲಿಯ ಇನ್ನೊಂದು ಗುಣವೆಂದರೆ ದೋಷವನ್ನು ಮುಚ್ಚಿಡದಿರುವುದು. 1917ರಲ್ಲಿ ಯು. ಪಿ. ಹೆಡ್ರಿಕ್ ಅವರು ನ್ಯೂಯಾರ್ಕ್ ರಾಜ್ಯದ ಪೀಚ್ ತಳಿಗಳ ಬಗ್ಗೆ ಬೃಹತ್ ಗ್ರಂಥವೊಂದನ್ನು ಹೊರತಂದರು. ಹಣ್ಣು ನೋಡಲು ಚೆನ್ನಾಗಿದ್ದು ರುಚಿ ಸಾಧಾರಣವಾಗಿದ್ದರೆ ಹಾಗೆಂದೇ ಬರೆಯುವುದು ಆ ಪರಂಪರೆಯ ರೂಢಿ. ಇಂದಿನ ವಿವರಣೆಗಳಲ್ಲೂ ಎಲೆಚುಕ್ಕೆ ರೋಗಕ್ಕೆ ತಳಿ ಎಷ್ಟು ತುತ್ತಾಗುತ್ತದೆ, ತಿರುಳು ಓಟೆಯಿಂದ ಬಿಡುತ್ತದೆಯೋ ಅಂಟಿಕೊಂಡಿರುತ್ತದೆಯೋ ಎಂಬುದು ಇದ್ದೇ ಇರುತ್ತದೆ.

ನಮ್ಮ ಮಾವಿನ ವಿವರಣೆಗಳಲ್ಲಿ ಏನಿರುತ್ತದೆ? "ಮಧ್ಯಮ ಋತುವಿನ ತಳಿ", "ತಡವಾಗಿ ಮಾಗುವ ತಳಿ". ಶ್ರೀನಿವಾಸಪುರದ ರೈತನಿಗೆ ಮಧ್ಯಮವಾದುದು ಧಾರವಾಡದ ರೈತನಿಗೂ ಮಧ್ಯಮವೇ? "ಬಾದಾಮಿಗಿಂತ ಇಷ್ಟು ದಿನ ನಂತರ, ತೋತಾಪುರಿಗಿಂತ ಇಷ್ಟು ದಿನ ಮೊದಲು" ಎಂದು ಬರೆದರೆ ಕೋಲಾರದವರಿಗೂ ರಾಮನಗರದವರಿಗೂ ಒಟ್ಟಿಗೆ ಅರ್ಥವಾಗುತ್ತದೆ. ಇದಕ್ಕೆ ಹೊಸ ಉಪಕರಣ ಬೇಡ, ಹಣವೂ ಬೇಡ. ಬರೆಯುವ ಅಭ್ಯಾಸ ಬದಲಾದರೆ ಸಾಕು.

ನಮ್ಮ ಕಡೆಯ ನೀಲಿ ದ್ರಾಕ್ಷಿ

ಪೀಚ್ ಬಿಟ್ಟು ನಮ್ಮ ಮಣ್ಣಿನ ಹಣ್ಣಿಗೆ ಬರೋಣ. ಇಂದು ಹೂಡಿಗೆ ಮೆಟ್ರೊ ಬಂದಿದೆ. 2023ರ ಮಾರ್ಚ್‌ನಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ಗೆ ಮಾರ್ಗ ತೆರೆದಾಗ ಹೂಡಿಯೂ ಒಂದು ನಿಲ್ದಾಣವಾಯಿತು. ಸುತ್ತ ನೋಡಿದರೆ ಗಾಜಿನ ಕಟ್ಟಡಗಳು. ಆದರೆ ನಮ್ಮ ಬೀದಿಯ ಹಿರಿಯರೊಬ್ಬರು, ನಾವೆಲ್ಲ ಯಜಮಾನರು ಎಂದು ಕರೆಯುವವರು, ದ್ರಾಕ್ಷಿ ಚಪ್ಪರದ ಕೆಳಗೆ ಬೆಳೆದವರು. ಅವರ ಮನೆಯವರು ಬೆಳೆಯುತ್ತಿದ್ದುದು ಬೆಂಗಳೂರು ನೀಲಿ ದ್ರಾಕ್ಷಿ. ನನ್ನ ಪೀಚ್ ಗಿಡವನ್ನು ನೋಡಿ ಅವರು, "ಮೇಷ್ಟ್ರೇ, ಇದು ನಿದ್ದೆ ಬರದ ಊರಲ್ಲಿ ನಿದ್ದೆ ಮಾಡೋ ಗಿಡ ಕಣ್ರೀ" ಎಂದು ನಕ್ಕಿದ್ದರು.

ಆ ಮಾತಿನಲ್ಲಿ ವಿಜ್ಞಾನವಿದೆ. ದ್ರಾಕ್ಷಿಯೂ ತಂಪು ದೇಶಗಳಲ್ಲಿ ಎಲೆ ಉದುರಿಸಿ ನಿದ್ರಿಸುವ ಬಳ್ಳಿಯೇ. ಉತ್ತರ ಭಾರತದಲ್ಲಿ ಅದಕ್ಕೆ ವರ್ಷಕ್ಕೊಂದು ಸವರುವಿಕೆ, ಒಂದು ಫಸಲು. ನಮ್ಮಲ್ಲಿ ಚಳಿ ಸಾಲದೆ ಬಳ್ಳಿ ನಿದ್ರಿಸುವುದೇ ಇಲ್ಲ. ಅದಕ್ಕಾಗಿ ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕಬೇಕು. ವಿಜಯಪುರದ ಕಡೆ ಇದಕ್ಕೆ ಚಾಟನಿ ಎನ್ನುತ್ತಾರೆ. ಅಲ್ಲಿ ಏಪ್ರಿಲ್ ಚಾಟನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟನಿ ಹಣ್ಣಿಗೆ. ಬೆಂಗಳೂರು ನೀಲಿ ಮಾತ್ರ ಎರಡು ಸವರುವಿಕೆಗೂ ಫಸಲು ಕೊಡುವ ಬಳ್ಳಿ. ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳೇ ಇದರ ನೆಲೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆ 1967ರಲ್ಲಿ ಆರಂಭವಾಯಿತು. ಅಲ್ಲಿಂದ ಬಂದ ದ್ರಾಕ್ಷಿ ಸಂಕರ ತಳಿಗಳ ಪಟ್ಟಿ ಉದ್ದವಾದುದು. ಬೆಂಗಳೂರು ನೀಲಿ ಮತ್ತು ಬ್ಲ್ಯಾಕ್ ಚಂಪಾ ಸೇರಿ ಅರ್ಕಾ ಶ್ಯಾಮ್, ಬೆಂಗಳೂರು ನೀಲಿ ಮತ್ತು ಅನಾಬ್-ಎ-ಶಾಹಿ ಸೇರಿ ಅರ್ಕಾ ಹಂಸ್, ಬ್ಲ್ಯಾಕ್ ಚಂಪಾ ಮತ್ತು ಥಾಮ್ಸನ್ ಸೀಡ್‌ಲೆಸ್ ಸೇರಿ ಅರ್ಕಾ ನೀಲಮಣಿ, ಅನಾಬ್-ಎ-ಶಾಹಿ ಮತ್ತು ಥಾಮ್ಸನ್ ಸೀಡ್‌ಲೆಸ್ ಸೇರಿ ಅರ್ಕಾ ಶ್ವೇತಾ, ಹೀಗೆ. ಇವುಗಳ ವಿವರಣೆಯಲ್ಲಿ ತಾಯಿ ತಂದೆಯ ಹೆಸರು, ಬೀಜವಿದೆಯೋ ಇಲ್ಲವೋ, ಸಿಹಿಯ ಅಳತೆ, ಇಳುವರಿ ಎಲ್ಲವೂ ಕ್ರಮವಾಗಿವೆ. ಸಸ್ಯಕ್ಷೇತ್ರದ ಚೀಟಿಗೂ ಇದಕ್ಕೂ ಅಜಗಜಾಂತರ. ಇದನ್ನು ಮೊದಲು ಒಪ್ಪಿಕೊಳ್ಳಬೇಕು.

ಪಟ್ಟಿಯ ಅಂಕಗಳನ್ನು ಮಾತ್ರ ನೋಡಿದರೆ ಬೆಂಗಳೂರು ನೀಲಿ ಸೋಲಬೇಕಾದ ತಳಿ. ಬೀಜ ಇದೆ, ಕಾಯಿ ಸಣ್ಣದು, ಸಿಪ್ಪೆ ತಿರುಳಿನಿಂದ ಜಾರಿ ಬರುತ್ತದೆ, ಹುಳಿ ಹೆಚ್ಚು, ವಾಸನೆ ಕೆಲವರಿಗೆ ಹಿಡಿಸದು. ಆದರೂ ಈ ಭಾಗದ ರೈತರು ಅದನ್ನು ಬಿಡಲಿಲ್ಲ. ಏಕೆ ಎಂದು ಯಜಮಾನರನ್ನು ಕೇಳಿದೆ. "ಮಳೆ ಬಂದ್ರೂ ರಾತ್ರಿ ನಿದ್ದೆ ಮಾಡಬಹುದಿತ್ತು, ಅದಕ್ಕೆ" ಎಂದರು. ಹಣ್ಣಾಗುವ ಹೊತ್ತಿಗೆ ಮಳೆ ಬಿದ್ದರೆ ದೊಡ್ಡ ಕಾಯಿಯ ತಳಿಗಳು ಬಿರಿಯುತ್ತಿದ್ದವು, ನೀಲಿ ಅಷ್ಟಾಗಿ ಬಿರಿಯುತ್ತಿರಲಿಲ್ಲ. ಚಿಬ್ಬು ರೋಗವನ್ನು ಅದು ತಡೆದುಕೊಳ್ಳುತ್ತಿತ್ತು, ಔಷಧಿ ಸಿಂಪಡಣೆ ಕಡಿಮೆ ಸಾಕಾಗುತ್ತಿತ್ತು. ಬೆಲೆ ಬಿದ್ದರೆ ರಸ ಮತ್ತು ವೈನ್ ಮಾಡುವವರು ಕೊಳ್ಳುತ್ತಿದ್ದರು. ರೈತ ಆರಿಸಿದ್ದು ಹಣ್ಣನ್ನಲ್ಲ, ಒಂದು ವರ್ಷವನ್ನು. ನಮ್ಮ ಪಟ್ಟಿಗಳು ವಿವರಿಸಿದ್ದು ಹಣ್ಣನ್ನು.

ತೆಳುವೋ ದಪ್ಪವೋ?

ಬಿರಿಯುವ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ಭೌತವಿಜ್ಞಾನ. ಮಳೆ ನೀರು ಪರಾಸರಣದಿಂದ ಸಿಪ್ಪೆಯ ಮೂಲಕ ಹಣ್ಣಿನೊಳಕ್ಕೆ ಹೋಗುತ್ತದೆ, ಬೇರಿನಿಂದಲೂ ನೀರು ಏರುತ್ತದೆ, ಒಳಗಿನ ಒತ್ತಡ ಹೆಚ್ಚುತ್ತದೆ. ಹಣ್ಣನ್ನು ಒಂದು ಬಲೂನಿನಂತೆ ಭಾವಿಸಿ. ತೆಳು ಗೋಡೆಯ ಗೋಳದಲ್ಲಿ ಗೋಡೆಯ ಮೇಲಿನ ಎಳೆತ ಎಷ್ಟೆಂಬುದಕ್ಕೆ ಒಂದು ಸರಳ ಸೂತ್ರವಿದೆ. ಒಳಗಿನ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ಗೋಡೆಯ ದಪ್ಪದ ಎರಡರಷ್ಟರಿಂದ ಭಾಗಿಸಬೇಕು. ಒತ್ತಡ ಮತ್ತು ಸಿಪ್ಪೆ ಒಂದೇ ಆಗಿದ್ದರೆ, ಎರಡರಷ್ಟು ಅಗಲದ ಕಾಯಿಯ ಸಿಪ್ಪೆಯ ಮೇಲೆ ಎರಡರಷ್ಟು ಎಳೆತ ಬೀಳುತ್ತದೆ. ಸಿಪ್ಪೆಯ ದಪ್ಪ ಅರ್ಧವಾದರೂ ಅಷ್ಟೇ. ಸಣ್ಣ ಕಾಯಿ, ದಪ್ಪ ಸಿಪ್ಪೆಯ ತಳಿಗೆ ಮಳೆಯ ಭಯ ಕಡಿಮೆ ಎಂಬ ಅನುಭವಕ್ಕೆ ಇದೊಂದು ಸ್ಥೂಲ ವಿವರಣೆ. ಸಿಪ್ಪೆಯ ಜೀವಕೋಶಗಳ ಗಟ್ಟಿತನ, ಗೊಂಚಲಿನ ಒತ್ತು ಮುಂತಾದವೂ ಮುಖ್ಯವೇ ಆಗಿರುವುದರಿಂದ ಇದೇ ಪೂರ್ಣ ವಿವರಣೆಯಲ್ಲ.

ಈಗ ಕೈಪಿಡಿಗಳನ್ನು ತೆರೆದು ನೋಡಿ. ಒಂದು ಕೈಪಿಡಿ ಬೆಂಗಳೂರು ನೀಲಿಯನ್ನು "ತೆಳು ಸಿಪ್ಪೆ"ಯ ಹಣ್ಣೆಂದು ಕರೆದಿದೆ. ಇನ್ನೊಂದರಲ್ಲಿ ಅದೇ ಹಣ್ಣಿನದು "ದಪ್ಪ ಸಿಪ್ಪೆ". ಎರಡೂ ಪ್ರಾಮಾಣಿಕವಾಗಿಯೇ ಬರೆದವುಗಳಿರಬಹುದು. ಒಬ್ಬರು ಕಿತ್ತಳೆಯ ಜೊತೆ ಹೋಲಿಸಿದರೋ, ಇನ್ನೊಬ್ಬರು ಥಾಮ್ಸನ್ ಸೀಡ್‌ಲೆಸ್ ಜೊತೆ ಹೋಲಿಸಿದರೋ! ಮಳೆಗಾಲದಲ್ಲಿ ರೈತನನ್ನು ಉಳಿಸುವ ಅಥವಾ ಮುಳುಗಿಸುವ ಗುಣದ ಬಗ್ಗೆಯೇ ಎರಡು ಪುಸ್ತಕಗಳು ವಿರುದ್ಧವಾಗಿ ಹೇಳುತ್ತವೆ. ಮಿಲಿಮೀಟರಿನ ಅಳತೆ ಎರಡರಲ್ಲೂ ಇಲ್ಲ. ನಮ್ಮ ಪ್ರಯೋಗಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಸ್ಕ್ರೂಗೇಜ್ ಹಿಡಿದು ತಂತಿಯ ದಪ್ಪ ಅಳೆಯುತ್ತಾನೆ. ಸಿಪ್ಪೆಯ ದಪ್ಪ ಅಳೆಯುವುದು ಅದಕ್ಕಿಂತ ಬಹಳ ಕಷ್ಟದ ಕೆಲಸವಲ್ಲ.

ಸಿಹಿಯ ಸಂಖ್ಯೆ, ಇಳುವರಿಯ ಸಂಖ್ಯೆ

ಸಂಖ್ಯೆ ಇದ್ದಾಕ್ಷಣ ವಿಜ್ಞಾನವಾಯಿತು ಎಂದೂ ತಿಳಿಯಬೇಡಿ. ಸಿಹಿಯನ್ನು ಬ್ರಿಕ್ಸ್ ಡಿಗ್ರಿಯಲ್ಲಿ ಹೇಳುವುದು ರೂಢಿ. ಒಂದು ಹನಿ ರಸವನ್ನು ವಕ್ರೀಭವನಮಾಪಕದ ಮೇಲೆ ಹಾಕಿ, ಬೆಳಕು ಎಷ್ಟು ಬಾಗುತ್ತದೆ ಎಂದು ನೋಡುತ್ತಾರೆ. ನೀರಿನ ವಕ್ರೀಭವನಾಂಕ 1.333. ನೂರು ಗ್ರಾಮಿಗೆ 20 ಗ್ರಾಮ್ ಸಕ್ಕರೆ ಕರಗಿರುವ ದ್ರಾವಣದ್ದು ಸುಮಾರು 1.364. ಈ ಸಣ್ಣ ವ್ಯತ್ಯಾಸದ ಮೇಲೆ ಇಡೀ ಲೆಕ್ಕ ನಿಂತಿದೆ. ರಸ ಬಿಸಿಯಾದರೆ ವಕ್ರೀಭವನಾಂಕ ಇಳಿಯುತ್ತದೆ. 20 ಡಿಗ್ರಿಗೆ ಹೊಂದಿಸಿದ, ತಾನಾಗಿ ತಿದ್ದಿಕೊಳ್ಳದ ಉಪಕರಣವನ್ನು ತೋಟದ 30 ಡಿಗ್ರಿ ಬಿಸಿಲಿನಲ್ಲಿ ಬಳಸಿದರೆ ಓದು ಸುಮಾರು 0.7ರಿಂದ 0.8ರಷ್ಟು ಕಡಿಮೆ ಬರುತ್ತದೆ. ಗೊಂಚಲಿನ ಮೇಲ್ಭಾಗದ ಕಾಯಿಗೂ ತುದಿಯ ಕಾಯಿಗೂ ಸಿಹಿ ಒಂದೇ ಇರುವುದಿಲ್ಲ. ಹೀಗಿರುವಾಗ 18.2 ಮತ್ತು 18.7ರ ನಡುವೆ ಗೆದ್ದವರಾರು ಎಂದು ತೀರ್ಪು ಕೊಡುವುದು ಹೇಗೆ?

ನಾಲಿಗೆ ಬ್ರಿಕ್ಸ್ ಒಂದನ್ನೇ ನೋಡುವುದೂ ಇಲ್ಲ. 18 ಬ್ರಿಕ್ಸ್ ಇರುವ ಹಣ್ಣಿನಲ್ಲಿ ಆಮ್ಲ ಶೇಕಡ 0.6 ಇದ್ದರೆ ಅನುಪಾತ 30. ಆಮ್ಲ 0.9 ಇದ್ದರೆ ಅನುಪಾತ 20. ಮೊದಲನೆಯದು ಸಿಹಿ ಎನ್ನಿಸುತ್ತದೆ, ಎರಡನೆಯದು ಹುಳಿ. ಬ್ರಿಕ್ಸ್ ಕೊಟ್ಟು ಆಮ್ಲ ಬಿಟ್ಟ ವಿವರಣೆ ಅರ್ಧ ಮಾತ್ರ.

ಇಳುವರಿಯ ವಿಷಯ ಇನ್ನೂ ಗಂಭೀರ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ಪ್ರಯೋಗದಲ್ಲಿ ಎರಡು ತಳಿಗಳ ಆರಾರು ಬಳ್ಳಿಗಳಿವೆ. ಒಂದರ ಸರಾಸರಿ ಇಳುವರಿ ಬಳ್ಳಿಗೆ 15 ಕಿಲೋ, ಇನ್ನೊಂದರದು 18 ಕಿಲೋ. ಮೂರು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 1,111 ಬಳ್ಳಿ. ಗುಣಿಸಿದರೆ 16.7 ಟನ್ ಮತ್ತು 20 ಟನ್. ಪಟ್ಟಿಯಲ್ಲಿ "ಶೇಕಡ 20 ಅಧಿಕ ಇಳುವರಿ" ಎಂದು ಅಚ್ಚಾಗುತ್ತದೆ. ಆದರೆ ಬಳ್ಳಿಯಿಂದ ಬಳ್ಳಿಗೆ ಇರುವ ಏರಿಳಿತ, ಅಂದರೆ ಮಾನಕ ವಿಚಲನೆ, 5 ಕಿಲೋ ಎಂದಿಟ್ಟುಕೊಳ್ಳಿ. ಆಗ ಪ್ರತಿ ಸರಾಸರಿಯ ಅನಿಶ್ಚಿತತೆ 5ನ್ನು 6ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 2 ಕಿಲೋ. ಎರಡು ಸರಾಸರಿಗಳ ವ್ಯತ್ಯಾಸದ ಅನಿಶ್ಚಿತತೆ ಸುಮಾರು 2.9 ಕಿಲೋ. ಕಂಡ ವ್ಯತ್ಯಾಸವೂ 3 ಕಿಲೋ! ಇದು ಆಕಸ್ಮಿಕವಾಗಿಯೂ ಬರಬಹುದಾದ ವ್ಯತ್ಯಾಸ. ಹನ್ನೆರಡು ಬಳ್ಳಿಗಳ ಆಕಸ್ಮಿಕವನ್ನು ಸಾವಿರದಿಂದ ಗುಣಿಸಿ ರೈತನ ಕೈಗೆ ಕೊಟ್ಟಂತಾಯಿತು. ಮೂಲ ಸಂಶೋಧನ ಪ್ರಬಂಧಗಳಲ್ಲಿ ಅನಿಶ್ಚಿತತೆಯನ್ನು ಕೊಟ್ಟಿರುತ್ತಾರೆ. ಕೈಪಿಡಿಗೆ ಬರುವಾಗ ಅದು ಉದುರಿಹೋಗುತ್ತದೆ, ಚೀಟಿಗೆ ಬರುವಾಗ ಸಂಖ್ಯೆಯೂ ಉದುರಿ "ಅಧಿಕ" ಎಂಬ ವಿಶೇಷಣ ಮಾತ್ರ ಉಳಿಯುತ್ತದೆ.

ಮಾವಿನಲ್ಲಿ ಇನ್ನೊಂದು ತೊಡಕು. ಬಾದಾಮಿ ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಬರಿದಾಗುವ ಸ್ವಭಾವದ್ದು. ತೋತಾಪುರಿ ಹೆಚ್ಚು ಕಡಿಮೆ ಪ್ರತಿವರ್ಷ ಬಿಡುತ್ತದೆ. ಒಳ್ಳೆಯ ವರ್ಷದ ಬಾದಾಮಿಯನ್ನು ಹೋಲಿಸಿದರೆ ಒಂದು ಉತ್ತರ, ಎರಡು ವರ್ಷಗಳ ಸರಾಸರಿ ಹೋಲಿಸಿದರೆ ಇನ್ನೊಂದು ಉತ್ತರ. ಬಾದಾಮಿಯಲ್ಲಿ ಹೊರಗೆ ಕಾಣದ, ಕತ್ತರಿಸಿದಾಗ ಮಾತ್ರ ತಿಳಿಯುವ ಸ್ಪಂಜಿನಂಥ ತಿರುಳಿನ ದೋಷವೂ ಇದೆ. ಬಾದಾಮಿ ಮತ್ತು ಬಂಗನಪಲ್ಲಿಯಿಂದ ಪಡೆದ ಅರ್ಕಾ ಪುನೀತ್ ಈ ದೋಷವಿಲ್ಲದ್ದು, ಪ್ರತಿವರ್ಷ ಫಲಿಸುವಂಥದು ಎಂದು ಅದರ ವಿವರಣೆ ಹೇಳುತ್ತದೆ. ಇದು ಒಳ್ಳೆಯ ವಿವರಣೆಯ ಮಾದರಿ. ಏಕೆಂದರೆ ರೈತನಿಗೆ ಗೊತ್ತಿರುವ ತಳಿಯ ಗೊತ್ತಿರುವ ದೋಷದೊಂದಿಗೆ ಅದು ಹೋಲಿಸಿ ಮಾತಾಡುತ್ತದೆ.

ಕಾನೂನು ಏನು ಹೇಳುತ್ತದೆ?

"ಎಲ್ಲ ಊರುಗಳಲ್ಲೂ ತಳಿಯನ್ನು ಪರೀಕ್ಷಿಸಲು ಯಾರಿಂದ ಸಾಧ್ಯ?" ಎಂದು ತೋಟಗಾರಿಕೆಯ ಗೆಳೆಯರು ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಎಲ್ಲ ಕಡೆ ಪರೀಕ್ಷಿಸಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲಿ ಪರೀಕ್ಷಿಸಿದಿರಿ ಎಂದು ಹೇಳಿ ಎನ್ನುತ್ತಿದ್ದೇನೆ. ಎತ್ತರ, ಮಣ್ಣು, ನೀರು, ಬೇರುಕಾಂಡ, ಅಂತರ, ಎಷ್ಟು ಗಿಡ, ಎಷ್ಟು ವರ್ಷ. ದ್ರಾಕ್ಷಿಯನ್ನು ಸ್ವಂತ ಬೇರಿನ ಮೇಲೆ ಬೆಳೆದದ್ದೋ ಡಾಗ್‌ರಿಡ್ಜ್ ಬೇರುಕಾಂಡದ ಮೇಲೆ ಕಸಿ ಮಾಡಿದ್ದೋ ಎಂಬುದರಿಂದ ಬರಗಾಲದಲ್ಲಿ ಫಲಿತಾಂಶವೇ ಬದಲಾಗುತ್ತದೆ.

ಇದು ನನ್ನೊಬ್ಬನ ಬೇಡಿಕೆಯೂ ಅಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001ರ 39ನೇ ಕಲಮಿನಲ್ಲಿ ಈ ತತ್ವವಿದೆ. ಕಾಯಿದೆಯಡಿ ನೋಂದಾಯಿಸಿದ ತಳಿಯನ್ನು ರೈತನಿಗೆ ಮಾರುವಾಗ, ನಿರ್ದಿಷ್ಟ ಪರಿಸ್ಥಿತಿಯಲ್ಲಿ ಅದರಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ತಳಿ ಅಭಿವೃದ್ಧಿಪಡಿಸಿದವರು ತಿಳಿಸಬೇಕು. ಅಂಥ ಪರಿಸ್ಥಿತಿಯಲ್ಲೂ ತಳಿ ಹಾಗೆ ಫಲಿಸದಿದ್ದರೆ ರೈತ ಪರಿಹಾರ ಕೇಳಬಹುದು. "ನಿರ್ದಿಷ್ಟ ಪರಿಸ್ಥಿತಿಯಲ್ಲಿ" ಎಂಬ ಮಾತನ್ನು ಗಮನಿಸಿ. ಪರಿಸ್ಥಿತಿಯನ್ನೇ ಬರೆಯದ ವಿವರಣೆಯ ಮೇಲೆ ಯಾರೂ ಯಾವ ಪರಿಹಾರವನ್ನೂ ಕೇಳಲಾಗದು. "ಅಧಿಕ ಇಳುವರಿ" ಎಂಬುದು ಸುಳ್ಳೆಂದು ಸಾಬೀತು ಮಾಡುವುದು ಹೇಗೆ? ಸುಳ್ಳೆಂದು ತೋರಿಸಲು ದಾರಿಯೇ ಇಲ್ಲದ ಮಾತು ವಿಜ್ಞಾನದ ಮಾತಲ್ಲ. ನೋಂದಣಿಯಾಗದ ತಳಿಗಳು, ರಸ್ತೆ ಬದಿಯ ಹೆಸರಿಲ್ಲದ ಸಸಿಗಳು ಈ ಕಲಮಿನ ವ್ಯಾಪ್ತಿಗೆ ಬರುವುದೂ ಇಲ್ಲ. ಅಲ್ಲಿ ನಿಮಗೆ ರಕ್ಷಣೆ ನೀವು ಕೇಳುವ ಪ್ರಶ್ನೆಗಳೇ.

ಆರು ಪ್ರಶ್ನೆಗಳು

ಹಣ್ಣಿನ ಸಸಿ ಕೊಳ್ಳುವ ಮೊದಲು, ಅದು ಎರಡು ಎಕರೆಗಿರಲಿ, ಮನೆಯ ಹಿತ್ತಲಿಗಿರಲಿ, ಈ ಆರನ್ನು ಕೇಳಿ.

1. ಈ ತಳಿ ನನ್ನ ಊರಿನ ಎತ್ತರ ಮತ್ತು ಉಷ್ಣತೆಯಲ್ಲಿ ಹಣ್ಣು ಬಿಟ್ಟಿದೆಯೆ? ಎಲ್ಲಿ? ಆ ತೋಟವನ್ನು ನೋಡಬಹುದೆ?

2. ನನಗೆ ಗೊತ್ತಿರುವ ತಳಿಗಿಂತ ಎಷ್ಟು ದಿನ ಮೊದಲು ಅಥವಾ ನಂತರ ಮಾಗುತ್ತದೆ? ಆ ದಿನಗಳಲ್ಲಿ ನಮ್ಮಲ್ಲಿ ಮಳೆ ಇದೆಯೆ?

3. ಇಳುವರಿ ಎಷ್ಟು ಗಿಡಗಳಿಂದ, ಎಷ್ಟು ವರ್ಷಗಳ ಸರಾಸರಿ? ಎಕರೆಗೋ ಹೆಕ್ಟೇರಿಗೋ? ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ ಎಂಬುದು ನೆನಪಿರಲಿ.

4. ಸಿಹಿಯ ಜೊತೆ ಹುಳಿ ಎಷ್ಟು?

5. ಯಾವ ಬೇರುಕಾಂಡದ ಮೇಲೆ ಕಸಿ ಮಾಡಿದೆ?

6. ಇದರ ದೋಷವೇನು? "ಏನೂ ಇಲ್ಲ" ಎಂಬ ಉತ್ತರ ಬಂದರೆ ಸಸಿ ಕೊಳ್ಳಬೇಡಿ. ದೋಷವಿಲ್ಲದ ತಳಿ ಈವರೆಗೆ ಹುಟ್ಟಿಲ್ಲ.

ಇದೇ ರೀತಿಯಲ್ಲಿ ಬೆಂಗಳೂರು ನೀಲಿಗೆ ನಾನೊಂದು ಚೀಟಿ ಬರೆದು ಯಜಮಾನರಿಗೆ ಓದಿ ಹೇಳಿದೆ: "ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಹುಕಾಲದಿಂದ ಪರೀಕ್ಷೆಯಾದ ತಳಿ. ವರ್ಷಕ್ಕೆ ಎರಡು ಫಸಲು. ಮಳೆ ಮತ್ತು ಚಿಬ್ಬು ರೋಗವನ್ನು ತಡೆಯುತ್ತದೆ. ಬೂಜು ರೋಗಕ್ಕೆ ಎಚ್ಚರ ಬೇಕು. ಬೀಜವಿದೆ, ಹುಳಿ ಇದೆ. ತಿನ್ನುವ ಹಣ್ಣಾಗಿ ಬೀಜರಹಿತ ತಳಿಗಳ ಬೆಲೆ ಸಿಗದು. ರಸಕ್ಕೆ ಉತ್ತಮ." ಅವರು ಕೇಳಿ, "ಇನ್ನೊಂದು ಸಾಲು ಸೇರಿಸಿ ಮೇಷ್ಟ್ರೇ. ಸಿಪ್ಪೆ ಎಷ್ಟು ದಪ್ಪ ಅಂತ ನೀವೂ ಬರೀಲಿಲ್ಲ" ಎಂದರು. ಅವರ ಆಕ್ಷೇಪಣೆ ಸರಿ. ಮುಂದಿನ ಹಂಗಾಮಿಗೆ ಹೊಸಕೋಟೆ ಕಡೆಯ ತೋಟವೊಂದರಿಂದ ಕಾಯಿ ತಂದು ವಿದ್ಯಾರ್ಥಿಗಳೊಡನೆ ಅಳೆಯುವುದೆಂದು ಮಾತಾಗಿದೆ.

ಪೀಚ್ ಗಿಡವನ್ನು ಕಡಿದಿಲ್ಲ. ಹಳೆಯ ಚೀಟಿ ತೆಗೆದು ಹೊಸದೊಂದನ್ನು ಕಟ್ಟಿದ್ದೇನೆ: "ಪೀಚ್. ತಳಿ ತಿಳಿಯದು. ಹೂಡಿ, ಸುಮಾರು 900 ಮೀಟರ್ ಎತ್ತರ. ಒಂದು ಗಿಡ, ಐದು ವರ್ಷ. ಹಣ್ಣು: ಸೊನ್ನೆ." ಒಂದೇ ಗಿಡದ ಫಲಿತಾಂಶದಿಂದ ಹೆಚ್ಚೇನನ್ನೂ ಸಾಧಿಸಲಾಗದು ಎಂಬುದು ನಿಜ. ಆದರೆ ಆ ಚೀಟಿಯಲ್ಲಿರುವ ಪ್ರತಿಯೊಂದು ಮಾತನ್ನೂ ಯಾರು ಬೇಕಾದರೂ ಬಂದು ಪರೀಕ್ಷಿಸಬಹುದು.